ಹಕ್ಕಿಗಳ ಗೆಳೆಯ ಸಲೀಂ ಅಲಿ

ಮಕ್ಕಳೇ, ಶಾಲಾ ಪ್ರವಾಸದಲ್ಲಿ ನೀವು ರಂಗನತಿಟ್ಟಿಗೆ ಹೋಗಿದ್ದೀರಾ? ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುವೆ ಇರುವ ಪುಟ್ಟ ಪುಟ್ಟ ದ್ವೀಪಗಳೇ ಈ ಪಕ್ಷಿಧಾಮ. ದೋಣಿಯಲ್ಲಿ ಹೋದರೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ, ಹೆಜ್ಜಾರ್ಲೆಗಳನ್ನು ನೋಡಬಹುದು. ಈ ಜಾಗವನ್ನು ಹಕ್ಕಿಗಳಿಗಾಗಿ ಉಳಿಸುವಂತೆ ಮೈಸೂರು ಅರಸರ ಮನವೊಲಿಸಿದವರು ಯಾರು ಗೊತ್ತೇ? ಅವರೇ ಪಕ್ಷಿತಜ್ಞ ಡಾ. ಸಲೀಂ ಅಲಿ.

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಅವರಿಗೆ ಬೇಟೆಯ ಹುಚ್ಚು. ಒಮ್ಮೆ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು! ಇದು ಯಾವ ಹಕ್ಕಿ? ಮಾವನಿಗೂ ತಿಳಿಯಲಿಲ್ಲ. ಮಾವ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಆ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನೂ ತೋರಿಸಿದರು. ಆ ಒಂದು ಪ್ರಶ್ನೆ ಹುಡುಗನ ಬದುಕಿನ ದಾರಿಯನ್ನೇ ಬದಲಿಸಿತು.

ಆದರೆ ಆ ದಾರಿ ಸುಲಭವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅವರಿಗೆ ಬೇಕಾದ ಕೆಲಸ ಸಿಗಲಿಲ್ಲ. ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ, ಮುಂಬೈಯ ಮ್ಯೂಸಿಯಂನಲ್ಲಿದ್ದ ಕೆಲಸವೂ ಹೋಗಿತ್ತು. ಅವರು ಸುಮ್ಮನೆ ಕೂರಲಿಲ್ಲ. ಕಡಲ ತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ನೆಲೆಸಿ ಗೀಜಗ ಹಕ್ಕಿಗಳನ್ನು ಗಮನಿಸತೊಡಗಿದರು. ಗಂಡು ಗೀಜಗ ಅರ್ಧ ಗೂಡು ಹೆಣೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿ ಮಾಡುತ್ತದೆ. ಆಮೇಲೆ ಇನ್ನೊಂದು ಗೂಡು ಕಟ್ಟಲು ಹೊರಡುತ್ತದೆ! ತಾಳ್ಮೆಯಿಂದ ನೋಡಿ ಬರೆದ ಈ ಸಂಗತಿಗಳು ಅವರಿಗೆ ಹೆಸರು ತಂದವು.

ಮುಂದೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗ ಅವರ ಕಣ್ಣಿಗೆ ಬಿದ್ದದ್ದೇ ಕಾವೇರಿಯ ಈ ದ್ವೀಪಗಳು. ಸುತ್ತಲೂ ನೀರಿರುವುದರಿಂದ ನಾಯಿ, ಬೆಕ್ಕುಗಳು ಗೂಡಿನ ಬಳಿ ಸುಳಿಯುವುದು ಕಷ್ಟ. ಮರಿಗಳಿಗೆ ಬೇಕಾದ ಮೀನು ನದಿಯಲ್ಲೇ ಸಿಗುತ್ತದೆ. ಆದರೆ ಜನರು ನುಗ್ಗಿ ಗದ್ದಲ ಮಾಡಿದರೆ? ತಾಯಿಹಕ್ಕಿ ಹಾರಿಹೋಗುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ಬಲಿಯಾಗುತ್ತವೆ. ಸಲೀಂ ಅಲಿಯವರ ಮಾತಿಗೆ ಅರಸರು ಒಪ್ಪಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಮಾನ್ಯತೆ ಪಡೆಯಿತು.

ಸಲೀಂ ಅಲಿ 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದರು. 1976ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂತು. 1987ರಲ್ಲಿ ಅವರು ತೀರಿಕೊಂಡರು.

ನೀವು ಪಕ್ಷಿಧಾಮಕ್ಕೆ ಹೋದಾಗ ಕೂಗಬೇಡಿ, ಕಲ್ಲೆಸೆಯಬೇಡಿ. ಒಂದು ನೋಟ್‌ಬುಕ್ ಒಯ್ಯಿರಿ. ಒಂದೇ ಗೂಡನ್ನು ಹತ್ತು ನಿಮಿಷ ನೋಡಿ. ಯಾರು ಬಂದರು? ಕೊಕ್ಕಿನಲ್ಲಿ ಏನು ತಂದರು? ಮರಿಗಳು ಏನು ಮಾಡಿದವು? ಕಂಡದ್ದನ್ನು ಬರೆದುಕೊಳ್ಳಿ. ಪ್ರವಾಸ ಹೋಗಲಾಗದಿದ್ದರೂ ಚಿಂತೆಯಿಲ್ಲ. ನಿಮ್ಮೂರ ಕೆರೆಯ ದಂಡೆಯಲ್ಲೂ ಹಕ್ಕಿಗಳಿವೆ, ಅಲ್ಲವೇ?