ಗಣಿತಗುರು ಮಹಾವೀರಾಚಾರ್ಯ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲವು (ಕ್ರಿ.ಶ. 814–878) ಕನ್ನಡ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಕವಿರಾಜಮಾರ್ಗದ ಕಾಲವೆಂದೇ ಪರಿಚಿತವಾಗಿದೆ. ಶ್ರೀವಿಜಯನ ಆ ಲಕ್ಷಣಗ್ರಂಥವನ್ನು ಮುಟ್ಟದೆ ಕನ್ನಡ ಎಂ.ಎ. ತರಗತಿಯನ್ನು ದಾಟಿದವರು ಇರಲಾರರು. ಆದರೆ ಅದೇ ಅರಸನ ಕಾಲದಲ್ಲಿ ರಚಿತವಾಗಿ, ಜಿನವಂದನೆಯ ಬೆನ್ನಿಗೇ ಅವನ ಸ್ತುತಿಯನ್ನೂ ಒಳಗೊಂಡಿರುವ ಮತ್ತೊಂದು ಗ್ರಂಥದ ಹೆಸರು ನಮ್ಮ ತರಗತಿಗಳಲ್ಲಿ ಕೇಳಿಬರುವುದು ಅಪರೂಪ. ಅದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಒಂದು ಕೃತಿ ಕಾವ್ಯ ಕಟ್ಟುವವನಿಗೆ ದಾರಿ ತೋರಿಸಿದರೆ, ಇನ್ನೊಂದು ಲೆಕ್ಕ ಬಿಡಿಸುವವನಿಗೆ ದಾರಿ ತೋರಿಸಿತು. ಎರಡನ್ನೂ ಅವಳಿ ಕೃತಿಗಳೆಂದು ಕಾಣದೆ ಹೋದುದರಿಂದ ಆ ಯುಗದ ವಿದ್ಯೆಯ ಅರ್ಧಭಾಗ ನಮ್ಮ ಕಣ್ಣಿಗೆ ಮರೆಯಾಗಿದೆಯೆಂದರೆ ತಪ್ಪಾಗಲಾರದು.

ಮಹಾವೀರಾಚಾರ್ಯನ ಕಾಲವನ್ನು ವಿದ್ವಾಂಸರು ಸುಮಾರು ಕ್ರಿ.ಶ. 850 ಎಂದು ನಿರ್ಣಯಿಸಿದ್ದಾರೆ. ಅವನು ದಿಗಂಬರ ಜೈನ ಸಂಪ್ರದಾಯಕ್ಕೆ ಸೇರಿದವನು. ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟೂರನ್ನಾಗಲಿ ತನ್ನ ಕೃತಿಯಲ್ಲಿ ಅವನು ಹೇಳಿಕೊಂಡಿಲ್ಲ. ಆ ಕಾಲದ ಪರಿಸರವಾದರೋ ಸ್ಪಷ್ಟವಾಗಿದೆ. ವೀರಸೇನಾಚಾರ್ಯನು 816ರಲ್ಲಿ ಮುಗಿಸಿದ ಧವಳಾ ಟೀಕೆಯಲ್ಲಿ ಗಣಿತದ ಸೂಕ್ಷ್ಮ ಚರ್ಚೆಗಳಿವೆ. ಅವನ ಶಿಷ್ಯ ಜಿನಸೇನನು ಅರಸನಿಗೇ ಗುರುವಾಗಿದ್ದನು. ಶಾಕಟಾಯನನು ಸಂಸ್ಕೃತ ವ್ಯಾಕರಣವನ್ನು ರಚಿಸಿ ಅದರ ವೃತ್ತಿಗೆ ಅಮೋಘವರ್ಷನ ಹೆಸರನ್ನಿಟ್ಟನು. ವ್ಯಾಕರಣ, ಅಲಂಕಾರ, ಆಗಮ, ಗಣಿತಗಳು ಒಂದೇ ರಾಜಾಶ್ರಯದ ನೆರಳಿನಲ್ಲಿ ಬೆಳೆದ ಕಾಲವದು. ಭಾರತೀಯ ಗಣಿತ ಪರಂಪರೆಯಲ್ಲಿ ಬ್ರಹ್ಮಗುಪ್ತನಿಗೂ (ಕ್ರಿ.ಶ. 628) ಎರಡನೆಯ ಭಾಸ್ಕರನಿಗೂ (ಕ್ರಿ.ಶ. 1150) ನಡುವೆ ಮಹಾವೀರನ ಸ್ಥಾನ. ವ್ಯಕ್ತಿಯ ವಿವರಗಳು ದೊರೆಯದಿರುವಲ್ಲಿ ಅವನ ಬಾಳನ್ನು ಅವನ ಬೋಧನೆಯಿಂದಲೇ ಓದಿಕೊಳ್ಳಬೇಕಾಗುತ್ತದೆ. ಹಾಗೆ ಓದಿದಾಗ ನಮಗೆ ಕಾಣುವವನು ಕಲಿಯುವವನ ಅಂಜಿಕೆಯನ್ನು ಬಲ್ಲ ಒಬ್ಬ ಮೇಷ್ಟರು. ಅವನ ಈ ಮುಖವನ್ನು ಪರಿಚಯಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಹಾವೀರನಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಜ್ಯೋತಿಷ ಸಿದ್ಧಾಂತಗ್ರಂಥದ ಒಂದೆರಡು ಅಧ್ಯಾಯಗಳಾಗಿ ಬರುತ್ತದೆ. ಗಣಿತಸಾರಸಂಗ್ರಹವಾದರೋ ಮೊದಲಿನಿಂದ ಕೊನೆಯವರೆಗೂ ಗಣಿತದ ಪಠ್ಯ. ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳುಳ್ಳ ಈ ಗ್ರಂಥದಲ್ಲಿ ಸಂಜ್ಞಾಧಿಕಾರದಿಂದ ಮೊದಲಾಗಿ ಛಾಯಾವ್ಯವಹಾರದವರೆಗೆ ಒಂಬತ್ತು ಅಧ್ಯಾಯಗಳಿವೆ. ಆರಂಭದಲ್ಲಿಯೇ ಆಚಾರ್ಯನು ಗಣಿತದ ಉಪಯೋಗವನ್ನು ದೀರ್ಘವಾಗಿ ಪ್ರಶಂಸಿಸುತ್ತಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ವ್ಯಾಕರಣ ಇವುಗಳಲ್ಲೆಲ್ಲ ಗಣಿತವಿದೆಯೆಂದು ಪಟ್ಟಿ ಕೊಡುತ್ತಾನೆ. ಇದು ಬರಿಯ ಹೊಗಳಿಕೆಯಲ್ಲ. ಇದನ್ನೇಕೆ ಕಲಿಯಬೇಕೆಂದು ಪ್ರತಿಯೊಂದು ಮಗುವೂ ಬಾಯಿಬಿಟ್ಟೋ ಬಿಡದೆಯೋ ಕೇಳುವ ಪ್ರಶ್ನೆಗೆ ಪಾಠಕ್ಕೆ ಮೊದಲೇ ಕೊಟ್ಟ ಉತ್ತರ. ಆ ಬಳಿಕ ಅಳತೆ, ತೂಕ, ಕಾಲಮಾನ, ಇಪ್ಪತ್ತನಾಲ್ಕು ಸ್ಥಾನಗಳವರೆಗಿನ ಸಂಖ್ಯಾನಾಮಗಳು ಬರುತ್ತವೆ. ಪರಿಭಾಷೆ ಗಟ್ಟಿಯಾದ ಮೇಲೆಯೇ ಲೆಕ್ಕ. ಪದದ ಅರ್ಥ ತಿಳಿಯದವನಿಗೆ ಪ್ರಶ್ನೆಯೇ ತಿಳಿಯುವುದಿಲ್ಲವೆಂಬ ಅರಿವು ಈ ಕ್ರಮದ ಹಿಂದಿದೆ.

ಅವನ ಬೋಧನೆಯ ತಿರುಳಿರುವುದು ಉದಾಹರಣೆಗಳಲ್ಲಿ. ಸೂತ್ರವನ್ನು ಹೇಳಿ, ಕೂಡಲೇ ಶಿಷ್ಯನ ಕೈಗೆ ಒಂದು ಸಮಸ್ಯೆಯನ್ನು ಕೊಡುತ್ತಾನೆ. ಒಂಬತ್ತು ಮಾದಲ ಹಣ್ಣು ಮತ್ತು ಏಳು ಬೇಲದ ಹಣ್ಣುಗಳ ಬೆಲೆ 107, ಏಳು ಮಾದಲ ಮತ್ತು ಒಂಬತ್ತು ಬೇಲದ ಬೆಲೆ 101, ಒಂದೊಂದರ ಬೆಲೆಯೆಷ್ಟು? ಆಚಾರ್ಯನ ಸೂತ್ರದಂತೆ 107ನ್ನು ಒಂಬತ್ತರಿಂದಲೂ 101ನ್ನು ಏಳರಿಂದಲೂ ಗುಣಿಸಿ ಕಳೆದರೆ 256 ಉಳಿಯುತ್ತದೆ. ಅದನ್ನು ಒಂಬತ್ತರ ವರ್ಗಕ್ಕೂ ಏಳರ ವರ್ಗಕ್ಕೂ ಇರುವ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಬೇಲದ ಬೆಲೆ 5. ಸೂತ್ರವನ್ನು ಮರೆತ ಹುಡುಗನೂ ಇಲ್ಲಿ ಸೋಲಬೇಕಾಗಿಲ್ಲ. ಎರಡು ಗುಂಪುಗಳನ್ನೂ ಕೂಡಿದರೆ ಹದಿನಾರು ಜೋಡಿ ಹಣ್ಣಿಗೆ 208, ಅಂದರೆ ಜೋಡಿಗೆ 13. ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಮಾದಲ ಎರಡು ಬೇಲಕ್ಕಿಂತ 6 ಹೆಚ್ಚು, ಅಂದರೆ ಒಂದಕ್ಕೆ 3 ಹೆಚ್ಚು. ಉತ್ತರ ತಾನಾಗಿಯೇ ಕೈಗೆ ಬರುತ್ತದೆ. ಸಂಖ್ಯೆಗಳ ಆಯ್ಕೆಯಲ್ಲಿಯೇ ಇಂಥ ಒಳದಾರಿಯೊಂದು ಇರುವುದು ಗಮನಾರ್ಹ.

ಸಮಾನವಾದ 63 ಬಾಳೆಹಣ್ಣಿನ ರಾಶಿಗಳನ್ನೂ ಬಿಡಿಯಾದ ಏಳು ಹಣ್ಣುಗಳನ್ನೂ 23 ದಾರಿಹೋಕರು ಸಮನಾಗಿ ಹಂಚಿಕೊಂಡರೆ ಒಂದು ರಾಶಿಯಲ್ಲಿದ್ದ ಹಣ್ಣುಗಳೆಷ್ಟು ಎಂಬುದು ಮತ್ತೊಂದು ಲೆಕ್ಕ. ರಾಶಿಗೆ ಐದು ಎಂದರೆ ಒಬ್ಬೊಬ್ಬನಿಗೆ ಹದಿನಾಲ್ಕು ಬರುತ್ತದೆ. ರಾಶಿಗೆ ಇಪ್ಪತ್ತೆಂಟು ಎಂದರೂ ಲೆಕ್ಕ ಹೊಂದುತ್ತದೆ. ಒಂದೇ ಪ್ರಶ್ನೆಗೆ ಹಲವು ಸರಿಯುತ್ತರಗಳಿರಬಹುದೆಂಬ ಪಾಠವನ್ನು ಬಾಳೆಹಣ್ಣಿನಿಂದ ಕಲಿಸಿದ ಬಗೆಯಿದು. ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಂಡ ಮೂವರು ವರ್ತಕರ ಸಮಸ್ಯೆಯೂ ಹಾಗೆಯೇ ಸ್ವಾರಸ್ಯವಾದುದು. ಚೀಲ ತನಗೆ ದೊರೆತರೆ ತಾನು ಉಳಿದಿಬ್ಬರ ಒಟ್ಟು ಹಣದ ಎರಡರಷ್ಟುಳ್ಳವನಾಗುವೆನೆಂದು ಮೊದಲನೆಯವನೂ, ಮೂರರಷ್ಟೆಂದು ಎರಡನೆಯವನೂ, ಐದರಷ್ಟೆಂದು ಮೂರನೆಯವನೂ ಹೇಳುತ್ತಾರೆ. ಚೀಲದಲ್ಲಿ 15, ಅವರ ಕೈಯಲ್ಲಿ ಕ್ರಮವಾಗಿ 1, 3, 5 ಎಂಬುದು ಕಿರಿಯ ಸಂಖ್ಯೆಗಳಲ್ಲಿ ಬರುವ ಉತ್ತರ. ಷಡ್ರಸಗಳನ್ನು ಒಂದೊಂದಾಗಿಯೂ ಬೇರೆ ಬೇರೆಯಾಗಿ ಬೆರಸಿಯೂ ಎಷ್ಟು ಬಗೆಯ ರುಚಿಗಳಾಗುವುವೆಂದು ಗಣಕನನ್ನು ಕೇಳುವಲ್ಲಿ ಅಡುಗೆಮನೆಯೇ ಪಾಠಶಾಲೆಯಾಗುತ್ತದೆ. ಅದರ ಉತ್ತರ 63. ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಕೊಟ್ಟ ಹಿರಿಮೆಯೂ ಅವನದೇ.

ಕಠಿಣವೆಂದು ತೋರುವ ಲೆಕ್ಕದ ಭಯವನ್ನು ಕಳೆಯುವ ಅವನ ಜಾಣ್ಮೆಗೆ ಮುತ್ತಿನ ಹಾರದ ಸಮಸ್ಯೆ ಒಳ್ಳೆಯ ನಿದರ್ಶನ. ವಸಂತದ ಇರುಳು, ಹೂಹಣ್ಣುಗಳಿಂದ ಬಾಗಿದ ಮರಗಳ ಉದ್ಯಾನದ ನಡುವಣ ಬಿಳಿಯ ಉಪ್ಪರಿಗೆ, ದಂಪತಿಗಳ ಪ್ರಣಯಕಲಹ, ಹಾರ ಹರಿಯುತ್ತದೆ. ಮುತ್ತುಗಳಲ್ಲಿ ಮೂರನೆಯ ಒಂದು ಭಾಗ ದಾಸಿಯ ಬಳಿಗೆ ಉರುಳಿತು. ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಎಲ್ಲೆಡೆ ಚೆಲ್ಲಿತು. ಕೊನೆಗೆ ಉಳಿದ ಮುತ್ತುಗಳು 1161. ಕಾವ್ಯದ ವರ್ಣನೆಯೊಳಗೆ ಅಡಗಿರುವ ಈ ಲೆಕ್ಕದ ಉತ್ತರ 148608. ಸಂಖ್ಯೆ ದೊಡ್ಡದಾದರೂ ದಾರಿ ಸರಳ. ಮೂರನೆಯ ಒಂದೂ ಆರನೆಯ ಒಂದೂ ಸೇರಿದರೆ ಅರ್ಧ. ಆದ್ದರಿಂದ 1161ನ್ನು ಏಳು ಸಲ ಇಮ್ಮಡಿಸಿದರೆ ಸಾಕು. ಎರಡರ ಮಗ್ಗಿ ಬಲ್ಲ ಮಗು ಲಕ್ಷದ ಉತ್ತರವನ್ನು ಮುಟ್ಟುತ್ತದೆ. ತನ್ನಿಂದಾಗದೆಂದು ಮೊದಲು ಅಂದುಕೊಂಡುದನ್ನು ತಾನೇ ಮಾಡಿ ಮುಗಿಸಿದ ಮಗುವಿಗೆ ಮುಂದಿನ ಲೆಕ್ಕಕ್ಕೆ ಬೇಕಾದ ಧೈರ್ಯವನ್ನು ಬೇರೆ ಯಾರೂ ಕೊಡಬೇಕಾಗಿಲ್ಲ.

ಗುಣಾಕಾರದ ಅಭ್ಯಾಸವು ಬೇಸರ ತರುವ ಕೆಲಸವೆಂಬುದನ್ನು ಆಚಾರ್ಯನು ಚೆನ್ನಾಗಿ ಬಲ್ಲನು. ಆದುದರಿಂದ ಗುಣಲಬ್ಧವೇ ಬಹುಮಾನವಾಗುವಂಥ ಸಂಖ್ಯೆಗಳನ್ನು ಆಯ್ದು ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಇವುಗಳನ್ನು ಅವನು ಕೊರಳ ಆಭರಣಕ್ಕೆ ಹೋಲಿಸುತ್ತಾನೆ. ಇದರಲ್ಲಿ ಸೊಗಸಿನೊಡನೆ ಉಪಯೋಗವೂ ಇದೆ. ಉತ್ತರದಲ್ಲಿ ಒಂದಂಕಿ ತಪ್ಪಿದರೂ ಮಾಲೆ ಕೆಡುತ್ತದೆ. ಗುರುವಿನ ಮುಖ ನೋಡದೆ ಶಿಷ್ಯನೇ ತನ್ನ ತಪ್ಪನ್ನು ಕಂಡುಕೊಳ್ಳುತ್ತಾನೆ. ಲೆಕ್ಕದಲ್ಲಿ ಮಕ್ಕಳನ್ನು ಕುಗ್ಗಿಸುವುದು ತಪ್ಪಿಗಿಂತ ಹೆಚ್ಚಾಗಿ ಎಲ್ಲರೆದುರು ತಪ್ಪು ಹಿಡಿಯಲ್ಪಡುವ ಅವಮಾನ. ಅದಕ್ಕೆ ಇಲ್ಲಿ ಎಡೆಯೇ ಇಲ್ಲ.

ಒಳ್ಳೆಯ ಗಣಕನ ಎಂಟು ಗುಣಗಳನ್ನು ಅವನು ಎಣಿಸಿರುವುದು ಶಿಕ್ಷಣದ ದೃಷ್ಟಿಯಿಂದ ಇನ್ನೂ ಮಹತ್ತ್ವದ್ದು. ಕೆಲಸವನ್ನು ಹಗುರಗೊಳಿಸುವ ಲಘುಕರಣ, ಹೀಗಿರಬಹುದೆಂಬ ಊಹೆ, ಹೀಗಿರಲಾರದೆಂದು ತಳ್ಳುವ ಅಪೋಹ, ಸೋಮಾರಿತನವಿಲ್ಲದಿರುವ ಅನಾಲಸ್ಯ, ಗ್ರಹಣ, ಧಾರಣ, ಹೊಸ ಹಾದಿ ಹುಡುಕುವ ಉಪಾಯ, ಅವ್ಯಕ್ತವನ್ನು ವ್ಯಕ್ತಗೊಳಿಸುವ ಅಂಕಗಳ ಬಳಕೆ ಇವೇ ಆ ಎಂಟು. ಕುಲವಾಗಲಿ ಹುಟ್ಟಿನಿಂದ ಬಂದ ಪ್ರತಿಭೆಯಾಗಲಿ ಈ ಪಟ್ಟಿಯಲ್ಲಿಲ್ಲ. ನೆನಪಿಗೆ ಎಂಟರಲ್ಲಿ ಒಂದು ಪಾಲು ಮಾತ್ರ. ಬಹುಪಾಲು ಗುಣಗಳು ಅಭ್ಯಾಸದಿಂದ ಒದಗುವಂಥವು. ಲೆಕ್ಕ ಕೆಲವರಿಗೆ ಮಾತ್ರ ಒಲಿಯುತ್ತದೆಂಬ ಇಂದಿನ ನಂಬಿಕೆಗೆ ಒಂಬತ್ತನೆಯ ಶತಮಾನದ ಕನ್ನಡನಾಡು ಕೊಟ್ಟ ಉತ್ತರವಿದು.

ಶಾಸ್ತ್ರಕಾರನಾಗಿಯೂ ಅವನ ಸಾಧನೆ ದೊಡ್ಡದು. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ನಿರುದ್ಧವೆಂಬ ಹೆಸರಿನಿಂದ ಬಳಕೆಗೆ ತಂದು ಲೆಕ್ಕವನ್ನು ಹಗುರಗೊಳಿಸಿದನು. ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಾರಣಸಹಿತ ಹೇಳಿದನು. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂಬ ಅವನ ಮಾತು ಸರಿಯಲ್ಲ. ಮೂರು ಶತಮಾನಗಳ ಬಳಿಕ ಭಾಸ್ಕರನು ಅದನ್ನು ಅನಂತವಾದ ಖಹರವೆಂದು ಕರೆದನು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಈ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. ಆಚಾರ್ಯನಂಥವನೂ ಎಡವಿದ ಸ್ಥಳವೊಂದುಂಟೆಂದು ತಿಳಿದ ಮಗು ತನ್ನ ಎಡವಿಕೆಗೆ ಎದೆಗುಂದುವುದಿಲ್ಲ.

ಗ್ರಂಥದ ಭಾಷೆ ಸಂಸ್ಕೃತವಾದರೂ ಅದು ಜನರ ಬಳಿಗೆ ಬಂದುದು ದೇಶಭಾಷೆಗಳ ಮೂಲಕ. ಹನ್ನೊಂದನೆಯ ಶತಮಾನದವನೆಂದು ಪರಿಗಣಿತನಾದ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದು, ಜೈನ ಸಂದರ್ಭಗಳನ್ನು ಶೈವಕ್ಕೆ ಹೊಂದಿಸಿಕೊಂಡನು. ಹನ್ನೆರಡನೆಯ ಶತಮಾನದವನೆನ್ನಲಾದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ, ಚಿತ್ರಹಸುಗೆ ಮೊದಲಾದ ಕೃತಿಗಳಿಂದ ಕನ್ನಡದಲ್ಲಿಯೇ ಗಣಿತಶಾಸ್ತ್ರಕ್ಕೆ ಅಡಿಪಾಯ ಹಾಕಿದನು. ವಲ್ಲಭನೆಂಬವನು ಗಣಿತಸಾರಸಂಗ್ರಹಕ್ಕೆ ಕನ್ನಡದಲ್ಲಿ ಟೀಕೆ ಬರೆದು, ತೆಲುಗಿನಲ್ಲಿಯೂ ಬರೆದಿರುವುದಾಗಿ ಹೇಳಿಕೊಂಡಿದ್ದಾನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು 1912ರಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವು ಮುಖ್ಯವಾಗಿದ್ದವು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಪ್ರತಿಯೂ ಮೂಡುಬಿದಿರೆಯ ಜೈನ ಭಂಡಾರದ ಪ್ರತಿಯೂ ಅವುಗಳಲ್ಲಿದ್ದವು. ಒಂದು ಓಲೆಗರಿಯಲ್ಲಿ ಉದಾಹರಣೆಗಳ ಉತ್ತರಗಳೂ ಕನ್ನಡದಲ್ಲಿಯೇ ಇದ್ದುವು. ಯಾವನೋ ಒಬ್ಬ ಉಪಾಧ್ಯಾಯ ತನ್ನ ಶಿಷ್ಯರಿಗಾಗಿ ಲೆಕ್ಕವನ್ನು ಮನೆಮಾತಿನಲ್ಲಿ ಬಿಡಿಸಿಟ್ಟ ಗುರುತದು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ 1908ರಲ್ಲಿಯೇ ರೋಮಿನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಈ ಕೃತಿಯನ್ನು ಪರಿಚಯಿಸಿದ್ದರು. ಪೂರ್ಣ ಕನ್ನಡ ಅನುವಾದ ಪದ್ಮಾವತಮ್ಮನವರಿಂದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ರೋಮಿಗೆ ತಲುಪಿದ ಆಚಾರ್ಯ ಅಚ್ಚಿನ ಕನ್ನಡಕ್ಕೆ ಇಡಿಯಾಗಿ ಬರಲು ತೊಂಬತ್ತೆರಡು ವರ್ಷ ಬೇಕಾದುದು ಯೋಚಿಸಬೇಕಾದ ವಿಷಯ.

ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿತು. ಹೈದರಾಬಾದು ಆ ಎರಡು ನದಿಗಳ ನಡುವೆಯೇ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲು ಇಂದಿಗೂ ಅದರ ಮಗ್ಗುಲಲ್ಲಿ ಹಾದುಹೋಗುತ್ತದೆ. ನಗರದ ಪೂರ್ವಕ್ಕೆ, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸಮೀಪದಲ್ಲಿ, ಕಾರ್ಖಾನೆಗಳ ಬಡಾವಣೆಯಾದ ನಾಚಾರಂ ಇದೆ. ಇಲ್ಲಿ ನೆಲಸಿದ ಕನ್ನಡ ಮನೆಯ ಮಗು ಅಜ್ಜಿಯೊಡನೆ ಕನ್ನಡ, ಓಣಿಯಲ್ಲಿ ತೆಲುಗು ಅಥವಾ ದಕ್ಖನಿ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುತ್ತದೆ. ಲೆಕ್ಕದ ಪಾಠದಲ್ಲಿ ಅದು ಮುಗ್ಗರಿಸಿದರೆ, ಮುಗ್ಗರಿಸಿದ್ದು ಸಂಖ್ಯೆಯಲ್ಲಿಯೋ ಪ್ರಶ್ನೆಯ ವಾಕ್ಯದಲ್ಲಿಯೋ ಎಂದು ವಿಚಾರಿಸುವವರು ವಿರಳ. ಅಂಗಡಿಯಲ್ಲಿ ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿ ತರುವ ಹುಡುಗಿಯೇ ಪುಸ್ತಕದಲ್ಲಿ ಅದೇ ಲೆಕ್ಕವನ್ನು ಕಂಡು ಹಿಂಜರಿಯುತ್ತಾಳೆ. ಅವಳಿಗೆ ಬೇಕಾದುದು ಮತ್ತೊಂದು ಟ್ಯೂಷನ್ನಲ್ಲ. ಗೊತ್ತಿರುವ ಹಣ್ಣು, ಗೊತ್ತಿರುವ ಮಾತು, ತನ್ನ ತಪ್ಪನ್ನು ತಾನೇ ಕಾಣುವ ಅವಕಾಶ. ಮಹಾವೀರಾಚಾರ್ಯನೂ ಅವನ ಟೀಕಾಕಾರರೂ ಕೊಟ್ಟದ್ದು ಇವನ್ನೇ.

ಕನ್ನಡ ವಿಭಾಗಗಳು ಶಾಸ್ತ್ರಸಾಹಿತ್ಯವನ್ನು ಗ್ರಂಥಸಂಪಾದನೆಯ ಸಾಮಗ್ರಿಯೆಂದು ಮಾತ್ರ ಭಾವಿಸಿ ಬದಿಗಿರಿಸಿರುವುದು ಸಲ್ಲದು. ಮಾದಲ, ಬೇಲಗಳ ಬದಲಿಗೆ ಇಂದಿನ ಮಗು ಕಂಡ ಹಣ್ಣುಗಳನ್ನಿರಿಸಿ, ಮುತ್ತಿನ ಹಾರವನ್ನು ಸರಳಗನ್ನಡದಲ್ಲಿ ಮರುಕಟ್ಟಿ, ಆ ಸಂಖ್ಯಾಮಾಲೆಗಳನ್ನು ಮಕ್ಕಳ ಪಾಟಿಯ ಮೇಲೆ ಬರೆಸುವ ಕೆಲಸಕ್ಕೆ ಗಣಿತಜ್ಞರಷ್ಟೇ ಸಾಲದು. ಹಳೆಯ ಭಾಷೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳೂ ಬೇಕು. ಕವಿರಾಜಮಾರ್ಗವನ್ನು ಓದಿದಷ್ಟೇ ಅಕ್ಕರೆಯಿಂದ ಅದರ ಅವಳಿಯಾದ ಗಣಿತಸಾರಸಂಗ್ರಹವನ್ನು ಓದಿ, ಅದರ ಹತ್ತು ಲೆಕ್ಕಗಳನ್ನಾದರೂ ನೆರೆಮನೆಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡುವುದೇ ಆ ಗಣಿತಗುರುವಿಗೆ ನಾವು ಸಲ್ಲಿಸಬಹುದಾದ ಸಾರ್ಥಕ ಗೌರವ.