ಚೈನಾ ಗ್ರಾಸ್ ಮತ್ತು ಫ್ಯಾನಿ ಹೆಸ್ಸೆ

ಮಕ್ಕಳಿಗೆ ಪುಡ್ಡಿಂಗ್ ಮಾಡಲು ನಾವು ತಂದಿಡುವ ಚೈನಾ ಗ್ರಾಸ್ ಸೂಕ್ಷ್ಮಜೀವಿ ಪ್ರಯೋಗಾಲಯಗಳ ಕಪಾಟಿನಲ್ಲೂ ಇರುತ್ತದೆ. ಅಲ್ಲಿ ಅದರ ಹೆಸರು ಅಗರ್. ಅಡುಗೆಮನೆಯಿಂದ ಅದನ್ನು ಅಲ್ಲಿಗೆ ದಾಟಿಸಿದ ಹೆಣ್ಣುಮಗಳು ನನಗೆ ಪರಿಚಯವಾದದ್ದು ನನ್ನದೇ ಒಂದು ಅವಸರದ ಮಾತಿನಿಂದ.

ನಾನು ಎಂ.ಟೆಕ್. ಓದಿ ಐಟಿಗೆ ಬಂದವಳು. ಆಹಾರ ಪರೀಕ್ಷಿಸುವ ಲ್ಯಾಬ್ ಒಂದಕ್ಕೆ ವರದಿಯ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಸಾಲ್ಮೊನೆಲ್ಲಾ ಇದೆಯೇ ಎಂಬುದನ್ನು ಪಿಸಿಆರ್ ಯಂತ್ರ ಮರುದಿನವೇ ಹೇಳುತ್ತದೆ; ತಟ್ಟೆಯಲ್ಲಿ ಬೆಳೆಸಿ ನೋಡಲು ನಾಲ್ಕೈದು ದಿನ ಬೇಕು. ಹಾಗಾದರೆ ತಟ್ಟೆಯ ಕಾಲಂ ತೆಗೆದುಬಿಡೋಣವೇ ಎಂದು ಮೀಟಿಂಗಿನಲ್ಲಿ ಕೇಳಿಬಿಟ್ಟೆ. ಅಲ್ಲಿನ ಹಿರಿಯ ಮೇಡಂ ನನ್ನನ್ನು ಒಳಗೆ ಕರೆದೊಯ್ದು ಒಂದು ಮಸಾಲೆ ಪುಡಿಯ ಮಾದರಿ ತೋರಿಸಿದರು. ಯಂತ್ರ ಇದೆ ಎಂದಿತ್ತು, ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ಯಂತ್ರ ಹುಡುಕುವುದು ಡಿಎನ್‌ಎಯನ್ನು. ಸತ್ತ ಬ್ಯಾಕ್ಟೀರಿಯದ್ದೂ ಅದಕ್ಕೆ ಸಿಗಬಹುದು. ತಟ್ಟೆಯಲ್ಲಿ ಬೆಳೆಯುವುದು ಜೀವ ಇರುವುದು ಮಾತ್ರ. ಬಿಸಿಗೋ ಒಣಗಿಯೋ ಸೊರಗಿದವು ಬದುಕಿದ್ದರೂ ಬೆಳೆಯದೆ ತಪ್ಪಿಸಿಕೊಳ್ಳಬಹುದು, ಅದು ತಟ್ಟೆಯ ದೋಷ. ಆ ಅಗರ್ ಯಾರ ಕೊಡುಗೆ ಗೊತ್ತೇ ಎಂದು ಕೇಳಿದವರೂ ಅವರೇ. ನನಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ಕೂತು ಓದಿದೆ.

ಫ್ಯಾನಿ ಹುಟ್ಟಿದ್ದು 1850ರಲ್ಲಿ, ನ್ಯೂಯಾರ್ಕಿನ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಮನೆಯವರಿಗೆಲ್ಲ ಆಕೆ ಲೀನಾ. ಹದಿಹರೆಯದಲ್ಲಿ ಸ್ವಿಟ್ಜರ್ಲೆಂಡಿಗೆ ಕಳಿಸಿದ್ದು ಫ್ರೆಂಚ್ ಮತ್ತು ಗೃಹವಿಜ್ಞಾನ ಕಲಿಯಲೆಂದು. 1874ರಲ್ಲಿ ಜರ್ಮನ್ ವೈದ್ಯ ವಾಲ್ಟರ್ ಹೆಸ್ಸೆಯನ್ನು ಮದುವೆಯಾಗಿ ಸ್ಯಾಕ್ಸನಿಯಲ್ಲಿ ಸಂಸಾರ ಹೂಡಿದಳು. ಮೂವರು ಗಂಡುಮಕ್ಕಳು. ಮನೆಗೆಲಸದ ಜೊತೆಗೆ ಗಂಡನ ಪ್ರಯೋಗಗಳಿಗೂ ಕೈಗೂಡಿಸುತ್ತಿದ್ದಳು, ಲೇಖನಗಳಿಗೆ ಚಿತ್ರ ಬರೆದುಕೊಡುತ್ತಿದ್ದಳು. (ಆಕೆಯ ತಮ್ಮ ಲೂಯಿ ಐಲ್‌ಶೆಮಿಯಸ್ ಮುಂದೆ ಹೆಸರಾಂತ ಚಿತ್ರಕಾರನಾದ.) ಈ ದುಡಿಮೆಗೆ ಸಂಬಳವಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

1881ರ ಸುಮಾರಿಗೆ ವಾಲ್ಟರ್ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯ ಸೇರಿ ಗಾಳಿಯಲ್ಲಿನ ಜೀವಾಣುಗಳನ್ನು ಅಭ್ಯಾಸ ಮಾಡುತ್ತಿದ್ದರು. ಆಗ ಬಳಸುತ್ತಿದ್ದದ್ದು ಜೆಲಟಿನ್. ಸೆಕೆ ಬಂದರೆ ಅದು ಕರಗಿ ನೀರಾಗುತ್ತಿತ್ತು. ಮೈಬಿಸಿಯಷ್ಟು, ಅಂದರೆ 37 ಡಿಗ್ರಿಯಲ್ಲಿ ಇಡುವಂತೆಯೇ ಇಲ್ಲ. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಗಳು ಜೆಲಟಿನ್ನನ್ನೇ ತಿಂದು ಕರಗಿಸುತ್ತಿದ್ದವು. ವಾರಗಟ್ಟಲೆಯ ಕೆಲಸ ಹಾಳು. ನಿನ್ನ ಜೆಲ್ಲಿ ಬೇಸಿಗೆಯಲ್ಲೂ ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ವಾಲ್ಟರ್ ಹೆಂಡತಿಯನ್ನು ಕೇಳಿದರಂತೆ. ಜಾವಾದಲ್ಲಿದ್ದು ಬಂದ ಡಚ್ ಪರಿಚಿತರಿಂದ ನ್ಯೂಯಾರ್ಕಿನಲ್ಲಿ ಕಲಿತದ್ದು ಎಂದು ಆಕೆ ಅಗರ್ ವಿಷಯ ತಿಳಿಸಿದಳು. ಕಡಲ ಪಾಚಿಯಿಂದ ಮಾಡುವ ಅಗರ್ 85 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ, ಆರಿಸಿದರೆ 40ರ ಆಸುಪಾಸಿಗೆ ಇಳಿದಾಗಲೇ ಹೆಪ್ಪುಗಟ್ಟುತ್ತದೆ. ಬಹುಪಾಲು ಬ್ಯಾಕ್ಟೀರಿಯಗಳಿಗೆ ಅದು ತಿನಿಸೂ ಅಲ್ಲ.

ವಾಲ್ಟರ್ ಇದನ್ನು ಕಾಕ್‌ಗೆ ತಿಳಿಸಿದರು. 1882ರ ಕ್ಷಯರೋಗದ ಲೇಖನದಲ್ಲಿ ಕಾಕ್ ಅಗರ್ ಬಳಕೆಯನ್ನು ಒಂದು ವಾಕ್ಯದಲ್ಲಿ ಹೇಳಿದರು. ಹೆಸ್ಸೆ ದಂಪತಿಗಳ ಹೆಸರು ಅಲ್ಲಿಲ್ಲ. 1887ರಲ್ಲಿ ತಟ್ಟೆಗೆ ಪೆಟ್ರಿಯ ಹೆಸರು ಬಂತು, 1905ರಲ್ಲಿ ಕಾಕ್‌ಗೆ ನೊಬೆಲ್ ಬಂತು. ತಟ್ಟೆಗೆ ಹೆಸರಿದೆ, ಒಳಗಿರುವುದಕ್ಕಿಲ್ಲ. ನನಗಂತೂ ಇದು ಇಂದಿಗೂ ಚುಚ್ಚುತ್ತದೆ. ಗಂಡ 1911ರಲ್ಲಿ ತೀರಿಕೊಂಡ ಮೇಲೆ ಎರಡು ದಶಕ ಬದುಕಿದ್ದ ಫ್ಯಾನಿ 1934ರಲ್ಲಿ ಕಣ್ಮುಚ್ಚಿದಳು.

ನಮ್ಮ ಸಾಫ್ಟ್‌ವೇರಿನಲ್ಲಿ ತಟ್ಟೆಯ ಕಾಲಂ ಉಳಿಯಿತು. ಪಿಸಿಆರ್ ಇದೆ ಎಂದರೆ ತಟ್ಟೆಯ ಫಲಿತಾಂಶ ತುಂಬುವವರೆಗೆ ವರದಿ ಮುಚ್ಚದಂತೆ ಬರೆದಿದ್ದೇನೆ.