ಭಾನುವಾರದ ಓದು, ಸೋಮವಾರದ ಬದುಕು

ಪ್ರತಿ ಭಾನುವಾರ ಚರ್ಚ್‌ನಲ್ಲಿ ಬೈಬಲ್ ವಾಚನ ಕೇಳುತ್ತೇನೆ. ಸೋಮವಾರ ಬೆಳಿಗ್ಗೆ ಲ್ಯಾಬ್, ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಚಿಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆಸ್ಕರ್ ರೊಮೇರೊ.

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್. ಅಲ್ಲಿನ ಸಿಯುಡಾಡ್ ಬಾರಿಯೋಸ್ ಎಂಬ ಊರಿನಲ್ಲಿ 1917ರ ಆಗಸ್ಟ್ 15ರಂದು ರೊಮೇರೊ ಹುಟ್ಟಿದರು. ಹುಡುಗನಾಗಿದ್ದಾಗ ಬಡಗಿ ಕೆಲಸ ಕಲಿತರು. 1942ರಲ್ಲಿ ರೋಮ್‌ನಲ್ಲಿ ಗುರುದೀಕ್ಷೆ ಪಡೆದರು. ಪುಸ್ತಕ ಪ್ರೀತಿಯ, ಸಂಕೋಚದ, ಸಂಪ್ರದಾಯಸ್ಥ ಮನುಷ್ಯ. 1977ರ ಫೆಬ್ರುವರಿಯಲ್ಲಿ ಅವರು ರಾಜಧಾನಿ ಸಾನ್ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷರಾದಾಗ, ಇವರಿಂದ ತಮಗೇನೂ ತೊಂದರೆಯಿಲ್ಲ ಎಂದು ಶ್ರೀಮಂತ ಜಮೀನ್ದಾರರು ನೆಮ್ಮದಿಯಾಗಿದ್ದರು.

ಆದರೆ ಮಾರ್ಚ್ 12ರಂದು ಅವರ ಗೆಳೆಯ, ಜೆಸ್ವಿಟ್ ಪಾದ್ರಿ ರುತಿಲಿಯೊ ಗ್ರಾಂಡೆ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಬಡ ರೈತರ ಪರ ನಿಂತಿದ್ದೇ ಅವರ ತಪ್ಪು. ಜೊತೆಗಿದ್ದ ಒಬ್ಬ ವೃದ್ಧ, ಒಬ್ಬ ಹುಡುಗನೂ ಸತ್ತರು. ಆ ಹೆಣಗಳ ಮುಂದೆ ನಿಂತ ರೊಮೇರೊ ಬದಲಾದರು. ತನಿಖೆಗೆ ಒತ್ತಾಯಿಸಿದರು. ನ್ಯಾಯ ಸಿಗುವವರೆಗೆ ಸರ್ಕಾರಿ ಸಮಾರಂಭಗಳಿಗೆ ಬರುವುದಿಲ್ಲ ಎಂದರು.

ಅಲ್ಲಿಂದ ಮೂರು ವರ್ಷ ಅವರ ಭಾನುವಾರದ ಪ್ರಬೋಧನೆ ಚರ್ಚ್‌ನ ರೇಡಿಯೊ ವೈಎಸ್‌ಎಎಕ್ಸ್‌ನಲ್ಲಿ ದೇಶದ ಹಳ್ಳಿ ಹಳ್ಳಿಗೂ ಕೇಳುತ್ತಿತ್ತು. ಒಮ್ಮೊಮ್ಮೆ ಒಂದು ಗಂಟೆಗೂ ಹೆಚ್ಚು! ಮೊದಲು ಆ ದಿನದ ವಾಚನಗಳ ಅರ್ಥ ಬಿಡಿಸುತ್ತಿದ್ದರು. ಆಮೇಲೆ ಆ ವಾರ ಯಾರನ್ನು ಹಿಡಿದೊಯ್ದರು, ಯಾರು ಕಾಣೆಯಾದರು, ಯಾರು ಸತ್ತರು ಎಂದು ಹೆಸರು ಹಿಡಿದು ಓದುತ್ತಿದ್ದರು. ಪತ್ರಿಕೆಗಳು ಬರೆಯಲು ಹೆದರುತ್ತಿದ್ದ ಸುದ್ದಿ ಬಡವರಿಗೆ ಸಿಗುತ್ತಿದ್ದುದು ಅಲ್ಲಿಯೇ. ರೇಡಿಯೊ ಕೇಂದ್ರಕ್ಕೆ ಬಾಂಬ್ ಇಟ್ಟರು. ಅದನ್ನು ರಿಪೇರಿ ಮಾಡಿ ಮತ್ತೆ ಪ್ರಸಾರ ಶುರು ಮಾಡಿದರು. ಇಲೆಕ್ಟ್ರಾನಿಕ್ಸ್ ಓದುವ ನನಗೆ ಟ್ರಾನ್ಸ್‌ಮಿಟರ್ ಎಂದರೆ ಸರ್ಕ್ಯೂಟ್, ಫ್ರೀಕ್ವೆನ್ಸಿ. ಆ ಜನರಿಗೆ ಅದು ಮಗನ ಹೆಸರು ಕೇಳಿಸುವ ದಾರಿಯಾಗಿತ್ತು.

1980ರ ಮಾರ್ಚ್ 23, ಭಾನುವಾರ. ಕೊಲ್ಲಬಾರದೆಂಬ ದೇವರ ಆಜ್ಞೆ ಮೇಲಧಿಕಾರಿಯ ಆದೇಶಕ್ಕಿಂತ ದೊಡ್ಡದೆಂದು ಸೈನಿಕರಿಗೇ ನೇರವಾಗಿ ಹೇಳಿ, ದಬ್ಬಾಳಿಕೆ ನಿಲ್ಲಿಸಲು ಆದೇಶಿಸಿದರು. ಮರುದಿನ ಸೋಮವಾರ ಸಂಜೆ, ತಾವು ವಾಸವಿದ್ದ ಕ್ಯಾನ್ಸರ್ ಆಸ್ಪತ್ರೆಯ ಪುಟ್ಟ ಚಾಪೆಲ್‌ನಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಅಂದಿನ ಶುಭಸಂದೇಶ, ಮಣ್ಣಿಗೆ ಬಿದ್ದು ಸತ್ತು ಫಲ ಕೊಡುವ ಗೋಧಿ ಕಾಳಿನ ಸಾಮತಿ. ಪ್ರಬೋಧನೆ ಮುಗಿಯುತ್ತಿದ್ದಂತೆ ಬಾಗಿಲ ಕಡೆಯಿಂದ ಬಂದ ಒಂದೇ ಗುಂಡು ಅವರ ಎದೆ ಸೇರಿತು. ಅವರಿಗೆ 62 ವರ್ಷ. ನಂತರದ ಅಂತರ್ಯುದ್ಧ 1992ರವರೆಗೆ ನಡೆದು ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ರೊಮೇರೊ ಅವರನ್ನು ಸಂತರೆಂದು ಘೋಷಿಸಿದರು.

ರೊಮೇರೊ ಹುಟ್ಟಾ ಧೈರ್ಯಶಾಲಿಯಲ್ಲ. ಸಾವಿನ ಭಯ ಅವರಿಗೂ ಇತ್ತು. ಅವರು ಮಾಡಿದ್ದು ಇಷ್ಟೇ: ಕೇಳಿದ ವಾಚನವನ್ನು ಆ ವಾರದ ಸುದ್ದಿಯ ಪಕ್ಕದಲ್ಲಿಟ್ಟು, ಈಗ ನಾನು ಯಾರ ಜೊತೆ ನಿಲ್ಲಬೇಕು ಎಂದು ಕೇಳಿಕೊಂಡರು. ಗೆಳೆಯರೇ, ಆ ಪ್ರಶ್ನೆಗೆ ಗುಂಡಿನ ಸದ್ದು ಬೇಕಿಲ್ಲ. ರ್‍ಯಾಗಿಂಗ್‌ಗೆ ಹೆದರಿ ಮೂಲೆಯಲ್ಲಿ ಕೂತ ಜೂನಿಯರ್, ಸಂಬಳ ಸಿಗದ ಮೆಸ್‌ನ ಅಣ್ಣ, ಕೆಲಸ ಸಿಗದೆ ಮನೆಗೆ ಫೋನ್ ಮಾಡಲೂ ಅಳುಕುವ ಸೀನಿಯರ್ ಸಾಕು. ಯಾವ ಧರ್ಮಗ್ರಂಥ ಓದುವವರಾದರೂ ಸರಿ, ಅವರ ಹೆಸರು ಹಿಡಿದು ಮಾತಾಡಿಸುವುದರಿಂದ ಶುರು ಮಾಡೋಣ.